ಬಾಗಿಲಿಗೊಂದು, ಮಡಿಕೆಗೊಂದು

“ಮೇಷ್ಟ್ರೇ, ನೀರಿನ ಅಣುಗಳು ಒಂದನ್ನೊಂದು ಹೆಚ್ಚು ಬಲವಾಗಿ ಹಿಡಿದುಕೊಂಡಿರುತ್ತವೋ, ಸ್ಪಿರಿಟ್ಟಿನ ಅಣುಗಳೋ? ಕಣ್ಣಿಗೆ ಕಾಣದ ಹಿಡಿತವನ್ನು ಹೋಲಿಸಿ ನೋಡುವುದು ಹೇಗೆ?”

ಇಂದುಧರ ಹೀಗೆ ಕೇಳಿದಾಗ ಅವನ ಚೀಲ ಬಾಗಿಲ ಬಳಿ ಕಟ್ಟಿ ಸಿದ್ಧವಾಗಿತ್ತು. ದೂರದ ಊರೊಂದರ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ಅವನಿಗೆ ಕೆಲಸ ಸಿಕ್ಕಿತ್ತು. ಹೋಗಿ ಸೇರಿಕೊಳ್ಳಬೇಕು, ಅಷ್ಟೆ. ಆದರೆ ದಿನವೂ ಬೆಳಗಿನ ಬಸ್ಸಿನ ಹೊತ್ತಿಗೆ ಸರಿಯಾಗಿ ಅವನಿಗೊಂದು ಸಂಶಯ ಹುಟ್ಟುತ್ತಿತ್ತು. ಧರಣೇಂದ್ರಯ್ಯ ಮೇಷ್ಟರ ಮನೆಯಲ್ಲಿ ಉಂಡು, ಅವರ ಬಳಿಯೇ ಓದಿ ದೊಡ್ಡವನಾದವನು. ಸಂಶಯ ತೀರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

“ಇದು ಸಂಶಯವೋ, ಬಸ್ಸು ತಪ್ಪಿಸುವ ಉಪಾಯವೋ?” ಎಂದರು ಮೇಷ್ಟರು.

ಇಂದುಧರ ತಲೆ ತಗ್ಗಿಸಿ ನಿಜ ಹೇಳಿದ. ಕಲಿಸುವುದು ರೂಢಿಯಾಗಲಿ ಎಂದು ಇದೇ ಊರಿನ ಶಾಲೆಯಲ್ಲಿ ಒಂದು ಪಾಠ ಮಾಡಿದ್ದ. ಅಣು ದೊಡ್ಡದಾದಷ್ಟೂ ಅವುಗಳ ನಡುವಿನ ಸೆಳೆತ ಹೆಚ್ಚು, ದೊಡ್ಡವು ಸುಲಭವಾಗಿ ಆರಿಹೋಗುವುದಿಲ್ಲ ಎಂದು ಹಲಗೆಯ ಮೇಲೆ ಬರೆದ. ಒಬ್ಬ ಹುಡುಗಿ ಎದ್ದು ನಿಂತಳು. “ಸಾರ್, ಸ್ಪಿರಿಟ್ಟಿನ ಅಣು ನೀರಿನದಕ್ಕಿಂತ ದೊಡ್ಡದು ಅಂತ ನೀವೇ ಹೇಳಿದಿರಿ. ಇಂಜೆಕ್ಷನ್ ಕೊಡೋವಾಗ ಒರೆಸಿದ ಸ್ಪಿರಿಟ್ಟು ತಟ್ಟನೆ ಆರಿಹೋಗುತ್ತೆ. ನೀರು ಹಾಗೆ ಆರಲ್ಲ. ಯಾಕೆ ಸಾರ್?” ಇಂದುಧರ ಲೋಟ ಎತ್ತಿ ನೀರು ಕುಡಿದ. ಇನ್ನೊಂದು ಸಲ ಕುಡಿದ. ತರಗತಿಯೇ ನಕ್ಕಿತು.

“ಆ ಊರಲ್ಲೂ ಯಾರಾದರೂ ಹೀಗೇ ಕೇಳಿದರೆ ನನ್ನ ಗತಿ ಏನು ಮೇಷ್ಟ್ರೇ? ನನಗೆ ಭಯವಾಗುತ್ತೆ” ಎಂದ.

ಮೇಷ್ಟರು ಕನ್ನಡಕ ಜಾರುವಷ್ಟು ನಕ್ಕರು. “ಭೇಷ್! ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಅಚ್ಚು ಬೆಲ್ಲ ಕೊಡಬೇಕು. ಕೂತ್ಕೋ, ಹೇಳ್ತೇನೆ. ಇವತ್ತು ಬಸ್ಸಿಗೆ ಇನ್ನೂ ಹೊತ್ತಿದೆ. ಗಡಿಯಾರವನ್ನು ನಾನು ನೋಡಿಕೊಳ್ತೇನೆ, ನೀನು ಕತೆ ಕೇಳು” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಅತ್ತರಿನವನಿದ್ದ. ಹೂವು, ಬೇರು, ಸಿಪ್ಪೆ, ಏನು ಸಿಕ್ಕರೂ ಹಂಡೆಗೆ ಹಾಕಿ ಬೇಯಿಸಿ, ಹಬೆಯನ್ನು ತಣಿಸಿ, ಪರಿಮಳದ ತೈಲ ಇಳಿಸುವುದು ಅವನ ಕಸುಬು. ಅವನಿಗೆ ಒಬ್ಬಳೇ ಮಗಳು. ಹಂಡೆಯ ಮುಂದೆಯೇ ಬೆಳೆದವಳು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಹಂಡೆ ಕುದಿಯಿತು ಎಂದರೆ ಓಡಿ ಬರುತ್ತಿದ್ದಳು.

ಅವಳಿಗೆ ಮದುವೆ ಗೊತ್ತಾಯಿತು. ಗಂಡಿನ ಮನೆಯವರೂ ಅತ್ತರಿನವರೇ. ಹುಡುಗ ಒಳ್ಳೆಯವನು, ಅವಳ ಮನಸ್ಸಿಗೂ ಬಂದಿದ್ದ. ಆದರೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮದುಮಗಳು ತಾನೇ ತಯಾರಿಸಿದ ಅತ್ತರನ್ನು ಸೀರೆಗೆ ಹಚ್ಚಿಕೊಂಡು ಬರಬೇಕು. ಗಂಡಿನ ಅಜ್ಜಿ ಬಾಗಿಲಲ್ಲಿ ಕಣ್ಣು ಮುಚ್ಚಿ ಕೂತಿರುತ್ತಾಳೆ. ಸೊಸೆ ಹೊಸಿಲು ತುಳಿಯುವ ಮುಂಚೆಯೇ ಪರಿಮಳ ಅಜ್ಜಿಯ ಮೂಗಿಗೆ ಬರಬೇಕು. ಮರುದಿನ ಬೆಳಿಗ್ಗೆ ಅಜ್ಜಿ ಅದೇ ಸೀರೆಯ ಮಡಿಕೆ ಬಿಚ್ಚಿ ಮೂಸುತ್ತಾಳೆ. ಅಲ್ಲೂ ಪರಿಮಳ ಇರಬೇಕು. ಎರಡೂ ಆದರೆ ಸೊಸೆಗೆ ಹಂಡೆಯ ಮುಂದೆ ಜಾಗ. ಒಂದು ತಪ್ಪಿದರೂ ಅಡುಗೆಮನೆ. ಹಾಗೆ ಅಡುಗೆಮನೆಗೆ ಹೋದ ಸೊಸೆಯನ್ನು ಆ ಮನೆಯವರು ಮತ್ತೆ ಹಂಡೆಯ ಹತ್ತಿರ ಬಿಟ್ಟದ್ದಿಲ್ಲ.

“ನನಗೆ ಹಂಡೆ ಬೇಕು” ಎಂದಳು ಮಗಳು.

“ಗಂಡ ಬೇಡವೇನೇ?” ಎಂದಳು ಅವಳ ಸೋದರತ್ತೆ.

“ಅವನೂ ಇರಲಿ” ಎಂದಳು.

ಮೊದಲು ಅವಳು ನಿಂಬೆ ಸಿಪ್ಪೆಯ ತೈಲ ಇಳಿಸಿದಳು. ಸೀರೆಗೆ ಹಚ್ಚಿಕೊಂಡು ಬೀದಿಯ ತುದಿಯಿಂದ ನಡೆದು ಬಂದಳು. ಸೋದರತ್ತೆ ಗಂಡಿನ ಅಜ್ಜಿಯ ಹಾಗೆ ಬಾಗಿಲಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. “ಅಬ್ಬಬ್ಬಾ! ನೀನು ತಿರುವಿನಲ್ಲಿ ಇದ್ದಾಗಲೇ ಬಂತಲ್ಲೇ!” ಎಂದು ಚಪ್ಪಾಳೆ ತಟ್ಟಿದಳು. ಮನೆಯವರೆಲ್ಲ ಹಿಗ್ಗಿದರು. ಇಷ್ಟು ಜೋರಾಗಿ ಬರುವ ಪರಿಮಳ ವಾರಗಟ್ಟಲೆ ಉಳಿಯುತ್ತದೆ ಎಂದುಕೊಂಡರು. ಸೀರೆ ಮಡಿಸಿಟ್ಟು ನಿದ್ದೆ ಹೋದರು.

ಬೆಳಿಗ್ಗೆ ಮಡಿಕೆ ಬಿಚ್ಚಿ ಸೋದರತ್ತೆ ಮೂಸಿದಳು. ತಿರುಗಿಸಿ ಮೂಸಿದಳು. “ರಾತ್ರಿ ಎದ್ದು ಒಗೆದಿಟ್ಟೆಯೇನೇ?” ಎಂದಳು. ಏನೂ ಇರಲಿಲ್ಲ. ಅಪ್ಪ ತಲೆಯ ಮೇಲೆ ಕೈ ಹೊತ್ತು, “ಪರಿಮಳ ಸತ್ತೇಹೋಯಿತು” ಎಂದ. ಅಷ್ಟರಲ್ಲಿ ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿದಳು. “ಅಲ್ಲಾ, ನಿನ್ನೆಯೆಲ್ಲ ನಮ್ಮ ಮನೆಯಲ್ಲಿ ನಿಂಬೆಯ ಘಮ. ಉಪ್ಪಿನಕಾಯಿ ಹಾಕಿದ್ದೀರಿ, ನಮಗೊಂದು ಬಟ್ಟಲು ಕೊಡಬಾರದಾ?” ಎಂದಳು. ಮಗಳಿಗೆ ಅಳು ಬರುವುದರಲ್ಲಿತ್ತು, ನಗು ಬಂದುಬಿಟ್ಟಿತು. “ಸತ್ತಿಲ್ಲ ಅಪ್ಪ, ಪಕ್ಕದ ಮನೆಗೆ ಹೋಗಿದೆ” ಎಂದಳು.

ಇಲ್ಲೊಂದು ಸಂಗತಿ ಗಮನಿಸು, ಇಂದುಧರಾ. ಪಕ್ಕದ ಮನೆಗೆ ಹೋದದ್ದು ನಿಂಬೆಯ ಅಣು ಒಡೆದ ಚೂರಲ್ಲ. ಇಡೀ ಅಣುವೇ ಹೋಯಿತು. ಅದಕ್ಕೇ ಅವಳಿಗೆ ನಿಂಬೆ ಎಂದು ಗೊತ್ತಾಯಿತು. ಕಳಚಿದ್ದು ಒಂದು ಅಣುವಿಗೆ ಇನ್ನೊಂದರ ಮೇಲಿದ್ದ ಹಿಡಿತ ಮಾತ್ರ, ಅದರ ಮೈಯಲ್ಲ. ನೀರು ಕುದಿಯುವಾಗ ನೀರೇ ಒಡೆದುಹೋಗುತ್ತದೆ ಎಂದು ಬರೆಯುವ ಮಕ್ಕಳು ಎಷ್ಟು ಜನ! ನೀನೂ ಬರೆದಿದ್ದೆ, ನಗಬೇಡ. ಹಬೆಯೂ ನೀರೇ ಕಣೋ. ಕೈ ಬಿಟ್ಟಿದೆ, ಅಷ್ಟೆ.

ಅತ್ತರಿನವನು ಆಗ ತನ್ನ ಪೆಟ್ಟಿಗೆ ತೆಗೆದ. ಅದರಲ್ಲಿ ಲಾವಂಚದ ಬೇರಿನಿಂದ ಇಳಿಸಿದ ತೈಲ ಇತ್ತು. ಮಂದವಾದ, ಕಂದು ಬಣ್ಣದ ತೈಲ. ಅವನು ಅದನ್ನು ಯಾರಿಗೂ ಮಾರುತ್ತಿರಲಿಲ್ಲ. “ಮಗಳೇ, ಇದು ಹಿಡಿದರೆ ಬಿಡುವುದಲ್ಲ. ಬಿಡದೆ ಇರುವುದೇ ಒಳ್ಳೆಯ ಅತ್ತರು. ಮನುಷ್ಯರಲ್ಲೂ ಅಷ್ಟೇ” ಎಂದ. ಅವನಿಗೆ ಮಗಳನ್ನು ಕಳಿಸಿಕೊಡುವ ಮನಸ್ಸೇ ಇರಲಿಲ್ಲ, ಪಾಪ.

ಮಗಳು ಅದನ್ನು ಹಚ್ಚಿಕೊಂಡು ಬೀದಿಯ ತುದಿಯಿಂದ ಬಂದಳು. ಹೊಸಿಲು ದಾಟಿದಳು. ಸೋದರತ್ತೆಯ ಮಗ್ಗುಲಲ್ಲೇ ಬಂದು ಕೂತಳು. ಸೋದರತ್ತೆ ಕಣ್ಣು ಮುಚ್ಚಿಕೊಂಡೇ ಇದ್ದಳು. ಸ್ವಲ್ಪ ಹೊತ್ತು ಕಾದು, “ಎಲ್ಲಿ ಸತ್ತಳು ಇವಳು? ಇನ್ನೂ ಹೊರಟೇ ಇಲ್ಲವೇ?” ಎಂದು ಕೂಗಿದಳು.

“ನಿನ್ನ ಪಕ್ಕದಲ್ಲೇ ಇದ್ದೀನಿ ಅತ್ತೆ.”

“ಅಯ್ಯೋ ನಿನ್ನ! ನೀರು ಹಚ್ಚಿಕೊಂಡು ಬಂದೆಯೇನೇ?”

ಮರುದಿನ ಮಡಿಕೆಯಲ್ಲಿ ಲಾವಂಚ ತುಂಬಿಕೊಂಡು ಕೂತಿತ್ತು. ಅದರಿಂದ ಏನು ಬಂತು? ಬಾಗಿಲು ಕೈಬಿಟ್ಟಿತ್ತು. ನಿಂಬೆ ಹಚ್ಚಿದರೆ ಮಡಿಕೆ ಇಲ್ಲ, ಲಾವಂಚ ಹಚ್ಚಿದರೆ ಬಾಗಿಲು ಇಲ್ಲ. ಮದುವೆ ಹತ್ತಿರ ಬರುತ್ತಿತ್ತು. ಹುಡುಗಿ ಅನ್ನ ಬಿಟ್ಟು ಹಂಡೆಯ ಮುಂದೆ ಕೂತಳು. ಹಂಡೆ ಕೈತಪ್ಪಿ ಹೋಗುತ್ತದೆಂಬ ಸಂಕಟ ಅವಳಿಗೆ.

ಅದೇ ದಿನ ಪೇಟೆಯಿಂದ ಒಬ್ಬ ವ್ಯಾಪಾರಿ ಬಂದ. ಅವನ ಕೈಯಲ್ಲಿ ಸ್ಪಿರಿಟ್ಟಿನ ಸೀಸೆ ಇತ್ತು. “ಇದನ್ನು ನಿಮ್ಮ ಅತ್ತರಿಗೆ ಬೆರೆಸಿ. ಒಂದು ಸೀಸೆಯ ಅತ್ತರು ನಾಲ್ಕಾರು ಸೀಸೆ ಆಗುತ್ತದೆ” ಎಂದ. ಅತ್ತರಿನವನಿಗೆ ಕೋಪ ಬಂತು. “ಬೆರೆಸುವುದಾದರೆ ನೀರೇ ಬೆರೆಸುತ್ತಿದ್ದೆನಲ್ಲ, ನಿನ್ನದೇಕೆ?” ಎಂದ. ವ್ಯಾಪಾರಿ ನಕ್ಕ. “ನೀರೇ? ಅದೆಂಥ ಸರಕು ಸ್ವಾಮಿ! ತೆಳ್ಳಗೆ, ಬಣ್ಣವಿಲ್ಲ, ಘಮವಿಲ್ಲ. ಇಟ್ಟ ಕಡೆ ನಿಲ್ಲುವುದಿಲ್ಲ. ನನ್ನದು ಗಟ್ಟಿ ಸರಕು” ಎಂದ.

“ಹಾಗಾದರೆ ನೋಡೇಬಿಡೋಣ” ಎಂದಳು ಮಗಳು.

ಹಿತ್ತಾಳೆ ತಟ್ಟೆ ತಂದು ನೆರಳಿನಲ್ಲಿಟ್ಟಳು. ಒಂದು ಹನಿ ಸ್ಪಿರಿಟ್ಟು, ಪಕ್ಕದಲ್ಲಿ ಒಂದು ಹನಿ ನೀರು. ಎರಡೂ ಒಂದೇ ಗಾತ್ರ, ಎರಡಕ್ಕೂ ಒಂದೇ ಗಾಳಿ. ಒಂದನ್ನು ಬಿಸಿಲಿಗಿಟ್ಟು ಒಂದನ್ನು ನೆರಳಿಗಿಟ್ಟರೆ ಅದು ನ್ಯಾಯವಲ್ಲ ಎಂದು ಅವಳಿಗೆ ಗೊತ್ತಿತ್ತು. ಸೋದರತ್ತೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಎದುರು ಕೂತಳು. ಅವಳು ಅದನ್ನು ಅಗಿದು ಮುಗಿಸುವುದರೊಳಗೆ ಸ್ಪಿರಿಟ್ಟು ಮಾಯ. ನೀರು ದುಂಡಗೆ ಹಾಗೇ ಕೂತಿತ್ತು. ವ್ಯಾಪಾರಿ ತಟ್ಟೆಗೆ ಮುಖ ತಾಗಿಸಿ ತನ್ನ ಹನಿ ಹುಡುಕಿದ. “ಅಡಿಯಲ್ಲೂ ನೋಡಿ ಸ್ವಾಮಿ, ತೂತಿದ್ದೀತು” ಎಂದಳು ಸೋದರತ್ತೆ.

ಇಂದುಧರ ಎದ್ದೇ ನಿಂತ. “ಅದೇ ಮೇಷ್ಟ್ರೇ! ಆ ಹುಡುಗಿ ಕೇಳಿದ್ದೂ ಅದೇ. ದೊಡ್ಡ ಅಣು ಯಾಕೆ ಮೊದಲು ಹೋಯಿತು?”

“ಕೂತ್ಕೋ ಮಾರಾಯ, ಮದುವೆ ಇನ್ನೂ ಆಗಿಲ್ಲ” ಎಂದರು ಮೇಷ್ಟರು. ಆದರೂ ಹೇಳಿದರು.

ನೀರಿನ ಅಣುವಿನಲ್ಲಿ ನಡುವೆ ಒಂದು ಆಮ್ಲಜನಕ, ಎರಡು ಕಡೆ ಎರಡು ಜಲಜನಕ. ಆಮ್ಲಜನಕಕ್ಕೆ ಅಂಟಿದ ಆ ಜಲಜನಕಗಳೇ ಅದರ ಕೈ ಎಂದುಕೋ; ಇಂಗಾಲಕ್ಕೆ ಅಂಟಿದವು ಕೈಯಲ್ಲ. ಒಂದೊಂದು ಕೈಯೂ ಪಕ್ಕದ ನೀರಿನ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಪಕ್ಕದವರೂ ಕೈ ಚಾಚಿ ಇದರ ಆಮ್ಲಜನಕವನ್ನು ಹಿಡಿಯುತ್ತಾರೆ. ಹೀಗೆ ನಾಲ್ಕೂ ಕಡೆಯಿಂದ ಬಿಗಿ. ಇನ್ನು ಸ್ಪಿರಿಟ್ಟು. ಅದಕ್ಕೆ ಅಂಥ ಕೈ ಒಂದೇ. ಮಿಕ್ಕದ್ದೆಲ್ಲ ಇಂಗಾಲದ ಬಾಲ. ಬಾಲ ತೂಕಕ್ಕುಂಟು, ಕೈ ಹಿಡಿಯುವುದಕ್ಕಿಲ್ಲ. ಗೋಬರ್ ಗ್ಯಾಸ್ ಇದೆಯಲ್ಲ, ಅದರಲ್ಲಿ ಉರಿಯುವ ಮೀಥೇನು, ಅದರ ಅಣು ಹೆಚ್ಚುಕಡಿಮೆ ನೀರಿನಷ್ಟೇ ತೂಕ. ಅದಕ್ಕೆ ಅಂಥ ಕೈಯೇ ಇಲ್ಲ. ಭುಜಕ್ಕೆ ಭುಜ ತಾಗಿಸಿಕೊಂಡು ಹೋಗುತ್ತದೆ, ಅಷ್ಟೆ. ಅದಕ್ಕೇ ಮುಚ್ಚಳ ತೆಗೆದ ಕೂಡಲೆ ಹಾರಿಹೋಗುತ್ತದೆ. ನೀರು ಕೊಡದಲ್ಲಿ ಕೂರುತ್ತದೆ.

“ಹಾಗಾದರೆ ನಾನು ಹಲಗೆಯ ಮೇಲೆ ಬರೆದದ್ದು ಸುಳ್ಳೇ?”

ಸುಳ್ಳಲ್ಲ ಕಣೋ, ಅರ್ಧ ನಿಜ. ಕೈಯಿಲ್ಲದವರನ್ನೇ ಹೋಲಿಸುವಾಗ ನೀನು ಬರೆದದ್ದು ಸರಿ. ಮೀಥೇನು, ಸೀಮೆಎಣ್ಣೆ, ಮೇಣದ ಬತ್ತಿಯ ಮೇಣ, ಎಲ್ಲ ಒಂದೇ ಬಳಗ. ಯಾರಿಗೂ ಕೈಯಿಲ್ಲ. ಆದರೆ ಅಣುವಿನ ಮೈ ದೊಡ್ಡದಾದಷ್ಟೂ ಒಂದಕ್ಕೊಂದು ತಾಗುವುದು ಹೆಚ್ಚು. ಅದಕ್ಕೇ ಮೀಥೇನು ಹಾರುತ್ತದೆ, ಸೀಮೆಎಣ್ಣೆ ಡಬ್ಬಿಯಲ್ಲಿ ನಿಲ್ಲುತ್ತದೆ, ಮೇಣ ಗಟ್ಟಿಯಾಗಿ ಕೂರುತ್ತದೆ. ಅಣುಗಳು ಎದುರು ಬಂದರೆ ಮೊದಲು ಕೈ ನೋಡು, ಆಮೇಲೆ ಮೈ ನೋಡು. ನೀರಿನ ಮೈ ಸಣ್ಣದು, ಕೈ ಜೋರು. ನೀನು ಆ ಮಕ್ಕಳಿಗೆ ಮೈ ತೋರಿಸಿದೆ, ಕೈ ತೋರಿಸುವುದು ಮರೆತೆ. ಹಿಡಿತ ಕಣ್ಣಿಗೆ ಕಾಣದಿದ್ದರೇನು? ಬಿಡಿಸಲು ಎಷ್ಟು ಕಷ್ಟ ಎಂದು ನೋಡಿದರೆ ಗೊತ್ತಾಗುತ್ತದೆ. ಸರಿ, ಈಗ ಮದುವೆಗೆ ಬಾ.

ವ್ಯಾಪಾರಿ ಮುಖ ಸಪ್ಪಗೆ ಮಾಡಿಕೊಂಡು ಹೋದ. ಮಗಳು ತಟ್ಟೆಯನ್ನು ಒರೆಸಿ ಹೊಸದಾಗಿ ಒಂದು ಹನಿ ನೀರಿಟ್ಟಳು. ನೀರಿನ ಪಕ್ಕದಲ್ಲಿ ಒಂದು ಹನಿ ನಿಂಬೆಯ ತೈಲ, ಒಂದು ಹನಿ ಲಾವಂಚದ ತೈಲ ಇಟ್ಟಳು. ಕಾದಳು. ನೀರು ಹೋಯಿತು. ನಿಂಬೆ ಇನ್ನೂ ಸ್ವಲ್ಪ ಹೊತ್ತು ಇದ್ದು, ಮನೆಯೆಲ್ಲ ಘಮಘಮ ಮಾಡಿ, ಹೋಯಿತು. ಲಾವಂಚ ಮರುದಿನವೂ ಇದ್ದಲ್ಲೇ ಇತ್ತು. ಬಗ್ಗಿ ಮೂಗು ತಾಗಿಸಿದರೆ ಮಾತ್ರ ಪರಿಮಳ. ನಿಂಬೆಯ ಅಣುವಿಗೆ ಕೈಯಿಲ್ಲ, ಆದರೆ ಮೈ ನೀರಿನದಕ್ಕಿಂತ ಬಹಳ ದೊಡ್ಡದು; ಲಾವಂಚಕ್ಕೆ ಮೈ ಇನ್ನೂ ದೊಡ್ಡದು, ಕೈಯೂ ಉಂಟು.

ಹುಡುಗಿ ತಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಕುಣಿದಳು.

“ಅಪ್ಪಾ, ಗೊತ್ತಾಯಿತು! ಬಿಡದೆ ಇದ್ದರೆ ಬಾಗಿಲಿಗೆ ಬರುವುದಿಲ್ಲ. ಎಲ್ಲ ಒಟ್ಟಿಗೆ ಬಿಟ್ಟರೆ ಮಡಿಕೆಯಲ್ಲಿ ಉಳಿಯುವುದಿಲ್ಲ. ಎರಡನ್ನೂ ಬೆರೆಸುತ್ತೇನೆ.”

ಅತ್ತರಿನವನು ಬೆಚ್ಚಿಬಿದ್ದ. “ನನ್ನ ಲಾವಂಚಕ್ಕೆ ಆ ಓಡುಕಾಲಿನ ನಿಂಬೆಯೇ? ಎರಡೂ ಕೆಟ್ಟುಹೋಗುತ್ತವೆ ಕಣೇ!” ಎಂದ. ಮಗಳು ಕೇಳಲಿಲ್ಲ. ಲಾವಂಚಕ್ಕೆ ನಿಂಬೆ ಹಾಕಿ ಕಲಕಿದಳು. ಲಾವಂಚದ ನಡುವೆ ಸಿಕ್ಕಿಕೊಂಡ ನಿಂಬೆ ಮೊದಲಿನ ಹಾಗೆ ದಡಬಡಿಸಿ ಓಡಲಿಲ್ಲ. ಸ್ವಲ್ಪಸ್ವಲ್ಪವಾಗಿ ಹೊರಟಿತು. ಅತ್ತರಿನವನು ಮೂಸಿ ನೋಡಿದ. ಇನ್ನೊಂದು ಸಲ ಮೂಸಿದ. ಆಮೇಲೆ ತನ್ನ ಪೆಟ್ಟಿಗೆಯಿಂದ ಉಳಿದ ಲಾವಂಚವನ್ನೂ ತಂದು ಅವಳ ಮುಂದೆ ಇಟ್ಟ.

ಮದುವೆ ಆಯಿತು. ದಿಬ್ಬಣ ಗಂಡಿನ ಊರಿಗೆ ಹೊರಟಿತು. ಅಲ್ಲಿ ಹೋಗಿ ನೋಡಿದರೆ ಏನು ಗ್ರಹಚಾರ! ಅಜ್ಜಿಗೆ ನೆಗಡಿ. ಮೂಗು ಕಟ್ಟಿ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಈ ಸಲ ಬಾಗಿಲ ಪರೀಕ್ಷೆ ಬಿಟ್ಟುಬಿಡೋಣ ಅಜ್ಜಿ” ಎಂದು ಮೊಮ್ಮಗ ಅಂಗಲಾಚಿದ. ಅಜ್ಜಿ ಒಪ್ಪುತ್ತಾಳೆಯೇ? “ನೆಗಡಿ ನನಗೆ ಬಂದದ್ದು, ಪದ್ಧತಿಗಲ್ಲ” ಎಂದು ಕಂಬಳಿ ಹೊದ್ದು, ಕಣ್ಣು ಮುಚ್ಚಿ ಬಾಗಿಲಲ್ಲಿ ಕೂತಳು.

ಹುಡುಗಿ ಗಾಡಿಯಿಂದ ಇಳಿದಳು. ಅಜ್ಜಿ ಸುಮ್ಮನಿದ್ದಳು. ಹುಡುಗಿ ಅಂಗಳಕ್ಕೆ ಕಾಲಿಟ್ಟಳು. ಅಜ್ಜಿ ಸುಮ್ಮನೇ ಇದ್ದಳು. ಸೋದರತ್ತೆ ಸೆರಗು ಕಚ್ಚಿಕೊಂಡಳು. ಹುಡುಗಿಯ ಕಣ್ಣ ಮುಂದೆ ಹಂಡೆ ಮರೆಯಾಗಿ ಅಡುಗೆಮನೆಯ ಒಲೆ ಬಂದು ನಿಂತಿತು. ಹೊಸಿಲಿಗೆ ಇನ್ನು ಕೆಲವೇ ಹೆಜ್ಜೆ ಉಳಿದಿದ್ದವು. ಆಗ ಅಜ್ಜಿ ಜೋರಾಗಿ ಒಂದು ಸೀನು ಸೀನಿದಳು, ಮೂಗು ಒಂದು ಗಳಿಗೆ ಬಿಟ್ಟಿತು.

“ನಿಂಬೆ” ಎಂದಳು.

ಎಲ್ಲರೂ ಉಸಿರು ಬಿಟ್ಟರು. ಹುಡುಗಿ ಹತ್ತಿರ ಬಂದು ಕಾಲಿಗೆ ಬಗ್ಗಿದಾಗ ಅಜ್ಜಿ ಅವಳ ಸೆರಗಿಗೆ ಮೂಗು ತಾಗಿಸಿದಳು. “ನಿಂಬೆಯ ಹಿಂದೆ ಯಾರೋ ನಿಧಾನಕ್ಕೆ ಬರುತ್ತಿದ್ದಾರೆ. ಲಾವಂಚವಲ್ಲವೇ? ಬರಲಿ, ಅವರನ್ನೂ ಒಳಗೆ ಕರೆಯಿರಿ” ಎಂದಳು. ಮೊಮ್ಮಗ ಎಲ್ಲರೆದುರೇ ಕೇಕೆ ಹಾಕಿದ.

ಬೆಳಿಗ್ಗೆ ಅಜ್ಜಿ ಮಡಿಕೆ ಬಿಚ್ಚಿ ಮುಖವನ್ನೇ ಅದರೊಳಗೆ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಸೊಸೆಯ ಕೈ ಹಿಡಿದು ನೇರ ಹಂಡೆಯ ಮುಂದೆ ಕರೆದುಕೊಂಡು ಹೋದಳು.

“ನಿಜ ಹೇಳು, ನಿನಗೆ ಯಾವುದು ಹೆಚ್ಚು? ಬಿಡುವುದೋ, ಬಿಡದ್ದೋ?”

“ಎರಡೂ ಬೇಕು ಅಜ್ಜಿ. ಬಾಗಿಲಿಗೊಂದು, ಮಡಿಕೆಗೊಂದು.”

ಅಜ್ಜಿ ನಕ್ಕ ನಗೆಗೆ ಕಟ್ಟಿದ ಮೂಗು ಬಿಟ್ಟುಕೊಂಡಿತು. ಅಂದು ಸಂಜೆ ಬೀಗರು ಹೊರಡುವ ಹೊತ್ತು. ಅತ್ತರಿನವನು ಮಗಳ ಸೆರಗಿನ ತುದಿ ಹಿಡಿದು ನಿಂತೇ ಇದ್ದ. ಗಾಡಿ ಕಟ್ಟಿದರು, ಎಲ್ಲರೂ ಹತ್ತಿದರು. ಅವನು ಮಾತ್ರ ಹತ್ತಲಿಲ್ಲ. “ಬೀಗರೇ, ನೀವು ಬರೀ ಲಾವಂಚ!” ಎಂದಳು ಅಜ್ಜಿ. ಅವನು ನಕ್ಕ. ಕಣ್ಣು ಒರೆಸಿಕೊಂಡ. ಸೆರಗು ಬಿಟ್ಟ. ಮಗಳು ಅವನು ನೋಡುತ್ತಿರುವಂತೆಯೇ ಓಡಿಹೋಗಿ ಹಂಡೆಗೆ ಬೆಂಕಿ ಹಾಕಿದಳು.

ಮೇಷ್ಟರು ಕತೆ ನಿಲ್ಲಿಸಿ ಗಡಿಯಾರ ನೋಡಿದರು. ಇಂದುಧರ ನಗುತ್ತಿದ್ದ. ನಗುತ್ತಲೇ ತನ್ನ ಎರಡೂ ಕೈಗಳನ್ನು ಚಾಚಿ, ನೀರು ಪಕ್ಕದ ನೀರನ್ನು ಹೇಗೆ ಹಿಡಿಯುತ್ತದೆ ಎಂದು ತನಗೆ ತಾನೇ ತೋರಿಸಿಕೊಂಡ. ಒಂದು ಕೈ ಮಡಿಸಿ ಸ್ಪಿರಿಟ್ಟು ಆದ. ಎರಡೂ ಕೈ ಮಡಿಸಿ ಮೀಥೇನು ಆದ. ಮಕ್ಕಳಿಗೆ ಹೇಗೆ ಹೇಳಬೇಕು ಎಂದು ಅವನಿಗೆ ಹೊಳೆದಿತ್ತು.

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಅವನ ನಗು ನಿಂತಿತು.

“ಮೇಷ್ಟ್ರೇ, ಅವರು ಬೇರೆ ಇನ್ನೇನಾದರೂ ಕೇಳಿದರೆ? ಇನ್ನೊಂದು ದಿನ ನಿಮ್ಮ ಹತ್ತಿರ ಕೇಳಿಕೊಂಡು ನಾಳೆ ಹೋದರಾಗದೇ?”

ಮೇಷ್ಟರು ಎದ್ದರು. ಬಾಗಿಲ ಬಳಿ ಇದ್ದ ಚೀಲವನ್ನು ತಾವೇ ಎತ್ತಿ ಅವನ ಹೆಗಲಿಗೆ ಹಾಕಿದರು. ಅದರ ಪಟ್ಟಿಯನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಬಿಟ್ಟರು.

“ಆ ಊರಿನ ಮಕ್ಕಳು ಬಾಗಿಲಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆ ಕಣೋ; ಮಡಿಕೆಗೆ ನಾನಿಲ್ಲೇ ಇದ್ದೇನೆ, ಸಂಶಯ ಬಂದರೆ ಕಾಗದ ಬರೆ, ನೀನು ಹೊರಡು.”